ಮೊಳೆ ನಿಲ್ಲದ ಗೋಡೆ

ಕಥೆ, ಕಾದಂಬರಿ, ಸಿನಿಮಾಗಳನ್ನು ವಿಮರ್ಶೆ ಮಾಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸೀರೆಯನ್ನೂ ಸಾರನ್ನೂ ವಿಮರ್ಶಿಸುವ ಹಕ್ಕನ್ನು ಹೆಂಗಸರಾದ ನಮಗೆ ಎಂದೋ ಬಿಟ್ಟುಕೊಟ್ಟಿದ್ದಾರೆ. ಆದರೆ ಗೋಡೆಯ ಬಗ್ಗೆ ನಮ್ಮ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಗೋಡೆ ಯಾವುದರದಾಗಬೇಕು, ಎಷ್ಟು ದಪ್ಪವಿರಬೇಕು ಎಂಬುದು ಮನೆಯ ಯಜಮಾನರು, ಇಂಜಿನಿಯರು, ಮೇಸ್ತ್ರಿ ಈ ಮೂವರೊಳಗೆ ಮುಗಿದುಹೋಗುವ ಮಾತು. ಬಣ್ಣ ಆರಿಸುವ ಹೊತ್ತಿಗೆ ನಮ್ಮನ್ನು ಕರೆಯುತ್ತಾರೆ. ಆದರೆ ಹಗಲಿಡೀ ಆ ಗೋಡೆಗಳ ನಡುವೆ ಇರುವವರು ನಾವು. ಒಗ್ಗರಣೆಯ ಜಿಡ್ಡನ್ನು ಒರೆಸುವವರು, ಮಕ್ಕಳು ಗೀಚಿದ್ದನ್ನು ಉಜ್ಜುವವರು, ಮಳೆಗಾಲದಲ್ಲಿ ಅಂಗೈಯಿಟ್ಟು ತೇವ ನೋಡುವವರು, ಪಕ್ಕದ ಮನೆಯ ಜಗಳ ಕೇಳಿಸಿಕೊಂಡೂ ಕೇಳದವರಂತೆ ಇರುವವರು. ಹೀಗಿರುವಾಗ ಗೋಡೆಯ ಗುಣದೋಷವನ್ನು ನಾವಲ್ಲದೆ ಇನ್ನಾರು ಹೇಳಬೇಕು?

ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋಗಿಬಂದ ತಾಯಂದಿರು ಈಗ ನಮ್ಮ ಊರುಗಳ ಬೀದಿ ಬೀದಿಯಲ್ಲೂ ಇದ್ದಾರೆ. ಅಲ್ಲಿನ ರಸ್ತೆ, ಅಂಗಡಿ, ಹಿಮ ಎಲ್ಲವನ್ನೂ ಬಾಯಿತುಂಬ ಹೊಗಳಿದವರು ಮನೆಯ ಮಾತು ಬಂದಾಗ ಮೂಗು ಮುರಿಯುತ್ತಾರೆ. "ಎಲ್ಲ ರಟ್ಟಿನ ಮನೆಗಳು ಕಣ್ರೀ. ಗೋಡೆ ತಟ್ಟಿದರೆ ಡಬ್ಬ ತಟ್ಟಿದ ಹಾಗೆ ಸದ್ದು ಬರುತ್ತೆ. ಅದಕ್ಕೆ ಮೂವತ್ತು ವರ್ಷದ ಸಾಲ ಬೇರೆ!" ಈ ತೀರ್ಪನ್ನು ನಾನು ಹತ್ತಾರು ಬಾಯಲ್ಲಿ ಕೇಳಿದ್ದೇನೆ. ಆದರೆ ವಿಮರ್ಶೆ ಎಂದ ಮೇಲೆ ತೀರ್ಪು ಕೊಡುವ ಮೊದಲು ಕೃತಿಯನ್ನು ಓದಬೇಕಲ್ಲವೇ? ಮಗಳ ಮನೆಯಲ್ಲಿ ಆರು ತಿಂಗಳು ಆ ಗೋಡೆಗಳ ನಡುವೆಯೇ ಇದ್ದೆ. ಮಗು ಮಲಗಿದ ಮೇಲೆ ಅವನ್ನು ಓದಲು ಬೇಕಾದಷ್ಟು ಬಿಡುವಿತ್ತು.

ದೇವರ ಪಟ ತೂಗುಹಾಕಲು ಮೊಳೆ, ಸುತ್ತಿಗೆ ಕೇಳಿದೆ. ಮಗಳು ಅವುಗಳ ಜೊತೆಗೆ ಒಂದು ಸಣ್ಣ ಅಯಸ್ಕಾಂತವನ್ನೂ ತಂದಳು. "ಇಲ್ಲಿ ಎಲ್ಲೆಂದರಲ್ಲಿ ಮೊಳೆ ಹೊಡೆಯುವ ಹಾಗಿಲ್ಲ, ಅಮ್ಮ. ಎಲುಬು ಎಲ್ಲಿದೆ ಅಂತ ಮೊದಲು ಹುಡುಕಬೇಕು" ಎಂದು ಅಯಸ್ಕಾಂತವನ್ನು ಗೋಡೆಯ ಮೇಲೆ ಮೆಲ್ಲಗೆ ಆಡಿಸಿದಳು. ಒಂದು ಕಡೆ ಅದು ಟಕ್ಕೆಂದು ಅಂಟಿಕೊಂಡಿತು. ಬಣ್ಣದ ಅಡಿಯಲ್ಲಿ ತಿರುಪು ಮೊಳೆಯ ತಲೆ ಇತ್ತು. ಅದರ ಹಿಂದೆ ನಿಂತ ಮರದ ಪಟ್ಟಿ ಇತ್ತು. ಪಟದ ಭಾರ ಹೊರುವುದು ಆ ಪಟ್ಟಿ, ಗೋಡೆಯಲ್ಲ. ಎರಡು ಪಟ್ಟಿಗಳ ನಡುವೆ ಹೊಡೆದ ಮೊಳೆ ಕ್ಯಾಲೆಂಡರನ್ನು ಹೊತ್ತೀತು, ಕನ್ನಡಿಯನ್ನು ಹೊರಲಾರದು. ನಮ್ಮ ಮನೆಗಳಲ್ಲಿ ಇಟ್ಟಿಗೆಯ ಗೋಡೆಗೆ ಮೊಳೆ ಹೊಡೆಯುವಾಗ ಮೊಳೆ ಡೊಂಕಾಗುತ್ತದೆ, ಗೋಡೆ ಜಗ್ಗುವುದಿಲ್ಲ. ಅಲ್ಲಿ ಮೊಳೆ ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತದೆ, ಹಾಗೆಯೇ ಹೊರಗೂ ಬರುತ್ತದೆ.

ಈ ಗೋಡೆಗೆ ಅಲ್ಲಿ ಡ್ರೈವಾಲ್ ಎನ್ನುತ್ತಾರೆ. ಒಣ ಗೋಡೆ. ಕಲಸಿದ ಗಾರೆಯನ್ನು ಮೆತ್ತುವ ಕೆಲಸವಿಲ್ಲದೆ ಒಣ ಹಲಗೆಗಳನ್ನೇ ತಂದು ನಿಲ್ಲಿಸುವುದರಿಂದ ಆ ಹೆಸರು. ಹಲಗೆ ಎಂದರೂ ಅದು ಮರದ್ದಲ್ಲ, ಬರೀ ರಟ್ಟೂ ಅಲ್ಲ. ಒಳಗಿರುವುದು ಜಿಪ್ಸಮ್ ಎಂಬ ಮೆದುವಾದ ಕಲ್ಲು. ಈ ಕಲ್ಲಿನ ವಿಶೇಷವೆಂದರೆ ಅದರ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ. ಕಣ್ಣಿಗೆ ಕಾಣದ, ಕೈಗೆ ತಾಗದ, ಕಲ್ಲಿನೊಳಗೇ ಕಟ್ಟಿಹಾಕಿದ ನೀರು. ಹುರಿದರೆ ಆ ನೀರಿನ ಮುಕ್ಕಾಲು ಪಾಲು ಹಾರಿಹೋಗಿ ಕಲ್ಲು ಹಿಟ್ಟಾಗುತ್ತದೆ. ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಮುರಿದ ಕೈಗೆ ಆಸ್ಪತ್ರೆಯಲ್ಲಿ ಹಾಕುವ ಬಿಳಿಯ ಕಟ್ಟು, ಚೌತಿಯ ದಿನ ಕೆರೆಯಲ್ಲಿ ಕರಗದೆ ಉಳಿಯುವ ಗಣಪತಿ, ಈ ಗೋಡೆ, ಎಲ್ಲ ಒಂದೇ ಕುಲದವು. ಹಿಟ್ಟಿಗೆ ಮತ್ತೆ ನೀರು ಸೇರಿಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ ಪುನಃ ಕಲ್ಲಾಗುತ್ತದೆ. ಕಾರ್ಖಾನೆಯಲ್ಲಿ ಆ ಹಿಟ್ಟನ್ನು ಎರಡು ದಪ್ಪ ಕಾಗದಗಳ ನಡುವೆ ಸುರಿದು, ಒತ್ತಿ, ಒಣಗಿಸಿ, ನಾಲ್ಕು ಅಡಿ ಅಗಲ ಎಂಟು ಅಡಿ ಉದ್ದದ ಹಲಗೆಗಳಾಗಿ ಕತ್ತರಿಸುತ್ತಾರೆ. ದಪ್ಪ ಸಾಮಾನ್ಯವಾಗಿ ಅರ್ಧ ಅಂಗುಲ. ನಮ್ಮ ಹೋಳಿಗೆಯನ್ನು ನೆನೆಸಿಕೊಳ್ಳಿ: ಮೇಲೆ ಕೆಳಗೆ ತೆಳ್ಳನೆಯ ಕಣಕ, ನಡುವೆ ಹೂರಣ. ಹದಿನಾರು ಅಂಗುಲಕ್ಕೊಂದರಂತೆ ನಿಲ್ಲಿಸಿದ ಮರದ ಪಟ್ಟಿಗಳ ಎರಡೂ ಮಗ್ಗುಲಿಗೆ ಈ ಹಲಗೆಗಳನ್ನು ತಿರುಪು ಮೊಳೆಯಿಂದ ಬಿಗಿದು, ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಮೂರು ಸಲ ಲೇಪ ಸವರಿ, ಉಜ್ಜಿ ನುಣುಪು ಮಾಡಿ ಬಣ್ಣ ಬಳಿದರೆ ಗೋಡೆ ಮುಗಿಯಿತು. ನಡುವೆ ಇರುವುದು ಬರೀ ಗಾಳಿ, ವಿದ್ಯುತ್ ತಂತಿ, ನೀರಿನ ಕೊಳವೆ.

ಮನೆ ಕಟ್ಟಿ ನೋಡು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಗೋಡೆ ಎದ್ದ ಮೇಲೆ ಅದಕ್ಕೆ ಬೆಳಿಗ್ಗೆ ಸಂಜೆ ನೀರು ಕುಡಿಸಬೇಕು, ಗಾರೆ ಒಣಗುವವರೆಗೆ ಕಾಯಬೇಕು, ಮೇಸ್ತ್ರಿ ಹೇಳಿದ ದಿನಕ್ಕೆ ಬಂದರೆ ಪುಣ್ಯ. ಅಮೆರಿಕದವರಿಗೂ ಒಂದು ಕಾಲದಲ್ಲಿ ಇದೇ ಪಾಡಿತ್ತು. ತೆಳ್ಳನೆಯ ಮರದ ರೀಪುಗಳನ್ನು ಹೊಡೆದು, ಅವುಗಳ ಮೇಲೆ ಎರಡು ಮೂರು ಪದರ ಗಾರೆ ಮೆತ್ತಿ, ಒಂದೊಂದು ಪದರವೂ ಒಣಗುವುದಕ್ಕೆ ಕಾಯುತ್ತಿದ್ದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ. 1894ರಲ್ಲಿ ಆಗಸ್ಟೀನ್ ಸ್ಯಾಕೆಟ್ ಎಂಬಾತ ಕಾಗದ ಮತ್ತು ಪ್ಲಾಸ್ಟರಿನ ಪದರಗಳಿಂದ ಮಾಡಿದ ಹಲಗೆಗೆ ಪೇಟೆಂಟ್ ಪಡೆದ. ಯುನೈಟೆಡ್ ಸ್ಟೇಟ್ಸ್ ಜಿಪ್ಸಮ್ ಎಂಬ ಕಂಪನಿ 1909ರಲ್ಲಿ ಅವನ ಉದ್ಯಮವನ್ನು ಕೊಂಡಿತು. 1916-17ರ ಹೊತ್ತಿಗೆ ಎರಡು ಕಾಗದಗಳ ನಡುವೆ ಒಂದೇ ದಪ್ಪ ಪದರವಿರುವ ಇಂದಿನ ರೂಪವನ್ನು ತಂದು ಷೀಟ್‌ರಾಕ್ ಎಂದು ಹೆಸರಿಟ್ಟಿತು. ಜನ ಅದನ್ನು ಬೇಗ ಒಪ್ಪಲಿಲ್ಲ. ಗಾರೆಯ ಗೋಡೆ ಮರ್ಯಾದಸ್ಥರದು, ಹಲಗೆಯ ಗೋಡೆ ಬಡವರದು ಎಂಬ ಭಾವನೆ ಅಲ್ಲಿಯೂ ಇತ್ತು.

ಆ ಭಾವನೆಯನ್ನು ಮುರಿದದ್ದು ಎರಡನೆಯ ಮಹಾಯುದ್ಧ. ಗಾರೆಯ ಕೆಲಸಗಾರರು ಯುದ್ಧಕ್ಕೆ ಹೋದರು. ಸೈನಿಕರ ವಸತಿಗಳು ಅವಸರದಲ್ಲಿ ಏಳಬೇಕಿತ್ತು. ಯುದ್ಧ ಮುಗಿದು ಹಿಂತಿರುಗಿದ ಲಕ್ಷಾಂತರ ತರುಣರಿಗೆ ಮದುವೆಯಾಯಿತು, ಮಕ್ಕಳಾದವು, ಇರಲು ಮನೆಗಳಿರಲಿಲ್ಲ. ನ್ಯೂಯಾರ್ಕಿನ ಹತ್ತಿರ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ವಿಲಿಯಂ ಲೆವಿಟ್ 1947ರಲ್ಲಿ ಮನೆ ಕಟ್ಟಿಸಲು ಶುರುಮಾಡಿ 1951ರ ಹೊತ್ತಿಗೆ 17,000ಕ್ಕೂ ಹೆಚ್ಚು ಮನೆಗಳನ್ನು ಮುಗಿಸಿದ. ಕೆಲಸ ಭರದಿಂದ ಸಾಗಿದ ದಿನಗಳಲ್ಲಿ ದಿನಕ್ಕೆ ಮೂವತ್ತು ಮನೆ ಏಳುತ್ತಿದ್ದವಂತೆ. ಗಾರೆ ಒಣಗುವುದನ್ನು ಕಾಯುತ್ತ ಕುಳಿತಿದ್ದರೆ ಇದು ಆಗುತ್ತಿರಲಿಲ್ಲ. ಅಲ್ಲಿ ಬಳಸಿದ್ದು ಜಿಪ್ಸಮ್ ಹಲಗೆಯನ್ನೇ. ಬಾಡಿಗೆ ಕೋಣೆಗಳಲ್ಲಿ, ಅತ್ತೆಮನೆಯ ಅಟ್ಟದಲ್ಲಿ ಮುದುಡಿಕೊಂಡಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮದೇ ಅಡಿಗೆಮನೆ ದೊರಕಿತು. ಈ ಗೋಡೆಯ ಲೆಕ್ಕದಲ್ಲಿ ಅದನ್ನು ದೊಡ್ಡ ಜಮೆಯೆಂದೇ ಬರೆಯಬೇಕು. ಅದೇ ಪುಟದ ಖರ್ಚಿನ ಬದಿಗೆ ಇನ್ನೊಂದನ್ನೂ ಬರೆಯಬೇಕಾಗುತ್ತದೆ. ಲೆವಿಟೌನ್‌ನ ಮೊದಲ ಬಾಡಿಗೆ ಕರಾರುಗಳಲ್ಲಿ ಬಿಳಿಯರಲ್ಲದವರು ಆ ಮನೆಗಳಲ್ಲಿ ವಾಸಿಸಕೂಡದು ಎಂಬ ಷರತ್ತಿತ್ತು. ಮನೆಯೊಳಗಿನ ಗೋಡೆ ಅರ್ಧ ಅಂಗುಲದ ಹಲಗೆಯದಾದರೂ ಊರ ಸುತ್ತ ಕಟ್ಟಿದ ಗೋಡೆ ಮಾತ್ರ ಕೋಟೆಯ ದಪ್ಪದ್ದು. ಜಾತಿ ಕೇಳಿ ಬಾಡಿಗೆಗೆ ಕೊಡುವ ನಮ್ಮ ಊರುಗಳವರು ಇದನ್ನು ಓದಿ ಬೀಗಬೇಕಾಗಿಲ್ಲ.

ಇನ್ನು "ರಟ್ಟು" ಎಂಬ ಆಪಾದನೆಗೆ ಬರೋಣ. ರಟ್ಟಿಗೆ ಬೆಂಕಿ ತಾಗಿದರೆ ಏನಾಗುತ್ತದೆಂದು ನಮಗೆ ಗೊತ್ತು. ಈ ಗೋಡೆಗೆ ಹಾಗಾಗುವುದಿಲ್ಲ. ಮೇಲಿನ ಕಾಗದ ಸುಟ್ಟರೂ ಒಳಗಿನ ಜಿಪ್ಸಮ್ ತನ್ನೊಳಗೆ ಕಟ್ಟಿಟ್ಟುಕೊಂಡ ನೀರನ್ನು ಹಬೆಯಾಗಿ ಬಿಡುತ್ತ ಹೋಗುತ್ತದೆ. ಕಾಗದದ ದೊನ್ನೆಯಲ್ಲಿ ನೀರು ತುಂಬಿ ಉರಿಯ ಮೇಲೆ ಹಿಡಿದರೆ ನೀರಿರುವ ತನಕ ದೊನ್ನೆ ಸುಡದಿರುವುದನ್ನು ಮಕ್ಕಳ ವಿಜ್ಞಾನದ ಪ್ರಯೋಗಗಳಲ್ಲಿ ನೋಡಿರಬಹುದು. ಇದೂ ಹಾಗೆಯೇ. ಆ ನೀರು ಮುಗಿಯುವವರೆಗೆ ಗೋಡೆಯ ಆಚೆಯ ಬದಿ ನೀರು ಕುದಿಯುವ ಬಿಸಿಯನ್ನು ಮೀರಿ ಏರುವುದಿಲ್ಲ. ಗಾಜಿನ ಎಳೆ ಸೇರಿಸಿದ, ಒಂದು ಅಂಗುಲದಲ್ಲಿ ಎಂಟರ ಐದು ಪಾಲು ದಪ್ಪದ ಹಲಗೆಯನ್ನು ಎರಡೂ ಬದಿಗೆ ಕ್ರಮವಾಗಿ ಹೊಡೆದ ಗೋಡೆ ಪರೀಕ್ಷೆಯಲ್ಲಿ ಒಂದು ಗಂಟೆ ಬೆಂಕಿಯನ್ನು ತಡೆಯುತ್ತದೆ. ಮಲಗಿದ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಲು ಒಂದು ಗಂಟೆ ಬೇಕಾದಷ್ಟಾಯಿತು. ಮರದ ಎಲುಬಿನ ಮನೆಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟುವ ದೇಶದಲ್ಲಿ ಇದು ಸಣ್ಣ ಗುಣವಲ್ಲ.

ದಪ್ಪವೇ ಭದ್ರತೆ ಎಂಬ ನಮ್ಮ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಿ ನೋಡಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ್, ಕಲಬುರಗಿಗಳಿಗೆ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಸತ್ತವರು 7,000ಕ್ಕೂ ಹೆಚ್ಚು. ಹಿಂದಿನ ದಿನ ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನ. ಅವರನ್ನು ಕೊಂದದ್ದು ಭೂಮಿಯಲ್ಲ, ಅವರವರ ಗೋಡೆಗಳು. ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ, ಎರಡಡಿಗೂ ಮಿಕ್ಕಿದ ದಪ್ಪದ ಗೋಡೆಗಳು. ಅಜ್ಜನ ಕಾಲದ ಗಟ್ಟಿ ಗೋಡೆ ಎಂದು ಹೆಮ್ಮೆಯಿಂದ ತಟ್ಟಿ ತೋರಿಸುತ್ತಿದ್ದ ಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ಹಗುರವಾದ ಹಲಗೆಯ ಗೋಡೆ ಬಿದ್ದರೆ ಗಾಯವಾದೀತು, ಗೋರಿಯಾಗುವುದು ಕಷ್ಟ. ಭೂಕಂಪದ ಭಯವಿರುವ ಕ್ಯಾಲಿಫೋರ್ನಿಯಾದಲ್ಲಿ ಮರದ ಎಲುಬಿನ ಹಗುರ ಮನೆಗಳನ್ನು ಕಟ್ಟುವುದರಲ್ಲಿ ಅರ್ಥವಿದೆ.

ಇಷ್ಟು ಹೊಗಳಿದ ಮೇಲೆ ದೋಷದ ಕಡೆಗೂ ನೋಡಬೇಕು. ಬೆಂಕಿಯನ್ನು ತಡೆಯುವ ಈ ಗೋಡೆ ನೀರಿಗೆ ಸೋಲುತ್ತದೆ. ಒದ್ದೆಯಾದ ಜಿಪ್ಸಮ್ ಬಿಸ್ಕತ್ತಿನಂತೆ ಮೆತ್ತಗಾಗುತ್ತದೆ. ಮೇಲಿನ ಕಾಗದ ಬೂಷ್ಟಿಗೆ ಹಬ್ಬದೂಟ. ಮಳೆಗಾಲದಲ್ಲಿ ಬೀರುವಿನ ಮೂಲೆಯ ಚರ್ಮದ ಚಪ್ಪಲಿಗೂ ಉಪ್ಪಿನಕಾಯಿ ಭರಣಿಯ ಬಟ್ಟೆಗೂ ಹಿಡಿಯುವ ಬೂಷ್ಟೇ ಗೋಡೆಯ ಒಳಮೈಗೆ ಹಿಡಿದರೆ ಯಾರ ಕಣ್ಣಿಗೆ ಬಿದ್ದೀತು? ಟೊಳ್ಳಿನೊಳಗೆ ಅದು ಬೆಳೆಯುತ್ತ ಹೋಗುತ್ತದೆ; ಮನೆಯವರಿಗೆ ಕಾರಣ ತಿಳಿಯದ ಕೆಮ್ಮು, ಸೀನು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬೀಸಿ ನ್ಯೂ ಆರ್ಲಿಯನ್ಸ್ ನಗರದ ಸುಮಾರು ನೂರಕ್ಕೆ ಎಂಬತ್ತು ಭಾಗ ನೀರಿನಲ್ಲಿ ಮುಳುಗಿತು. ನೀರು ಇಳಿದ ಮೇಲೆ ಹಿಂತಿರುಗಿದವರು ಕಂಡದ್ದು ನೆಲದಿಂದ ಮಾಡಿನವರೆಗೆ ಕಪ್ಪು ಹಸಿರು ಮಚ್ಚೆ ಹಿಡಿದ ಗೋಡೆಗಳನ್ನು. ಮನೆ ನಿಂತಿತ್ತು, ಗೋಡೆ ಕೊಳೆತಿತ್ತು. ಹಲಗೆಗಳನ್ನು ಕಿತ್ತು ಬೀದಿಗೆ ಎಸೆದರು; ಮನೆಗಳು ಬರೀ ಮರದ ಎಲುಬುಗಳಾಗಿ ನಿಂತವು. ಬೀದಿಯುದ್ದಕ್ಕೂ ಒದ್ದೆ ಜಿಪ್ಸಮಿನ ಗುಡ್ಡಗಳು.

ಅದರ ಬೆನ್ನಿಗೇ ಇನ್ನೊಂದು ಪ್ರಕರಣ. ಚಂಡಮಾರುತಗಳ ನಂತರ ಮನೆ ಕಟ್ಟುವ ಭರಾಟೆಯಲ್ಲಿ ಅಲ್ಲಿನ ಹಲಗೆ ಸಾಲದೆ ಚೀನಾದಿಂದ ಹಡಗುಗಳಲ್ಲಿ ತರಿಸಿದರು. ಫ್ಲಾರಿಡಾ, ಲೂಸಿಯಾನಾ ಮುಂತಾದ ಕಡೆ ಹೊಸ ಮನೆಗಳಿಗೆ ಹೋದವರಿಗೆ ಕೊಳೆತ ಮೊಟ್ಟೆಯ ವಾಸನೆ ಬರತೊಡಗಿತು. ಏರ್ ಕಂಡೀಷನರಿನ ತಾಮ್ರದ ಕೊಳವೆಗಳು ಕಪ್ಪಾಗಿ ಕೆಟ್ಟವು. ವಿದ್ಯುತ್ ತಂತಿಗಳು ಕರ್ರಗಾದವು. ಪೆಟ್ಟಿಗೆಯೊಳಗಿನ ಬೆಳ್ಳಿ ಒಡವೆಗಳು ಮಾಸಿದವು. 2009ರಲ್ಲಿ ಅಮೆರಿಕದ ಸರಕಾರಿ ಗ್ರಾಹಕ ಸುರಕ್ಷತಾ ಆಯೋಗ ತನಿಖೆಗಿಳಿದಾಗ ಕಂಡುಬಂದದ್ದು, ಕೆಲವು ಹಲಗೆಗಳಿಂದ ಗಂಧಕದ ಅನಿಲ ಹೊರಬರುತ್ತಿದೆ ಎಂಬುದು. ಆಯೋಗಕ್ಕೆ ಬಂದ ದೂರುಗಳು ಸುಮಾರು 4,000. ಪರಿಹಾರವೆಂದರೆ ಇಡೀ ಮನೆಯ ಹಲಗೆಗಳನ್ನು ಕಿತ್ತು ಹಾಕುವುದೊಂದೇ. ಹಲಗೆಯಲ್ಲಿ ಗಂಧಕ ಎಷ್ಟಿರಬಹುದೆಂದು ಮಿತಿ ಹಾಕಲು 2013ರ ಜನವರಿಯಲ್ಲಿ ಒಂದು ಕಾನೂನನ್ನೇ ತರಬೇಕಾಯಿತು. ಬೆಳ್ಳಿ ದೀಪ ಏಕೆ ಇಷ್ಟು ಬೇಗ ಕಪ್ಪಾಗುತ್ತಿದೆ ಎಂದು ಕೇಳುವುದನ್ನು ನಮ್ಮಲ್ಲಿ ಹೆಂಗಸರ ಕಿರಿಕಿರಿ ಎಂದು ತಳ್ಳಿಹಾಕುತ್ತಾರೆ. ಅಲ್ಲಿ ಆ ಕಿರಿಕಿರಿಯೇ ಪುರಾವೆಯಾಯಿತು.

ಈಗ ಸದ್ದಿನ ವಿಷಯ. ಡ್ರೈವಾಲಿನ ಮೇಲೆ ಎಲ್ಲರೂ ಹೊರಿಸುವ ದೊಡ್ಡ ದೂರು ಇದೇ. ಮನೆಯೊಳಗಿನ ಸಾಧಾರಣ ಹಲಗೆ ಗೋಡೆಯ ಆಚೆ ಜೋರಾಗಿ ಮಾತಾಡಿದರೆ ಈಚೆಗೆ ಮಾತು ಮಾತಾಗಿಯೇ ಕೇಳುತ್ತದೆ. ಮಗು ಮಗ್ಗುಲು ಬದಲಿಸಿದ್ದು ನನಗೆ ಪಕ್ಕದ ಕೋಣೆಯಿಂದಲೇ ತಿಳಿಯುತ್ತಿತ್ತು. ಗಂಡ ಹೆಂಡಿರಿಗೆ ಏಕಾಂತವೆಲ್ಲಿ, ಓದುವ ಮಕ್ಕಳಿಗೆ ಮೌನವೆಲ್ಲಿ ಎಂಬ ಪ್ರಶ್ನೆ ಸರಿಯಾದದ್ದೇ. ಗೋಡೆಗೂ ಕಿವಿಯಿದೆ ಎಂದು ನಮ್ಮವರು ಎಚ್ಚರಿಕೆಗೆ ಹೇಳಿದ್ದು. ಆ ಗೋಡೆಗೆ ಕಿವಿಯ ಜೊತೆ ಬಾಯಿಯೂ ಇದೆ.

ಆದರೆ ಹೆಂಗಸಾಗಿ ಈ ದೂರನ್ನು ಒಮ್ಮೆ ಮಗುಚಿ ನೋಡಬೇಕೆನ್ನಿಸುತ್ತದೆ. ಸದ್ದು ಹೊರಗೆ ಹೋಗದ ಗೋಡೆ ಯಾರಿಗೆ ಒಳ್ಳೆಯದು? ನೆಮ್ಮದಿಯ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದು. ಹೊಡೆಯುವವನ ಮನೆಯಲ್ಲಿ ಹೊಡೆಯುವವನಿಗೆ ಮಾತ್ರ ಒಳ್ಳೆಯದು. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ನಮ್ಮ ದೇಶದಲ್ಲಿ "ಬೆಲ್ ಬಜಾವೋ" ಎಂಬ ಪ್ರಚಾರ ನಡೆಸಿತು. ಟಿ.ವಿ.ಯಲ್ಲಿ ನೀವೂ ನೋಡಿರಬಹುದು. ಪಕ್ಕದ ಮನೆಯಲ್ಲಿ ಹೆಣ್ಣೊಬ್ಬಳ ಮೇಲೆ ಹಲ್ಲೆಯ ಸದ್ದು ಕೇಳಿದರೆ ಹೋಗಿ ಕರೆಗಂಟೆ ಒತ್ತಿ, ಏನಾದರೊಂದು ನೆಪ ಹೇಳಿ, ಕೇಳಿಸಿದೆ ಎಂಬುದು ಅವನಿಗೆ ಗೊತ್ತಾಗಲಿ ಎಂಬುದಷ್ಟೇ ಅದರ ತಿರುಳು. ಆ ಇಡೀ ಉಪಾಯ ನಿಂತಿರುವುದು ಸದ್ದು ಗೋಡೆ ದಾಟುತ್ತದೆ ಎಂಬುದರ ಮೇಲೆ. ಒಂಬತ್ತು ಅಂಗುಲದ ಗೋಡೆ, ಮುಚ್ಚಿದ ಗಾಜಿನ ಕಿಟಕಿ, ಹದಿನಾಲ್ಕನೆಯ ಮಹಡಿ ಇದ್ದರೆ ಕರೆಗಂಟೆ ಒತ್ತಲು ಯಾರು ಬಂದಾರು? ಫ್ಲ್ಯಾಟು ಮಾರುವವರು "ಏನೂ ಕೇಳಿಸುವುದಿಲ್ಲ ಮೇಡಂ" ಎಂದು ಹೆಮ್ಮೆಯಿಂದ ಹೇಳುವಾಗ ನನಗೆ ಈ ಮಾತು ನೆನಪಾಗುತ್ತದೆ.

ಡ್ರೈವಾಲ್ ಇನ್ನೊಂದು ರೀತಿಯಲ್ಲೂ ಸಾಕ್ಷಿ ಹೇಳುತ್ತದೆ. ನಮ್ಮ ಗೋಡೆಗೆ ಸಿಟ್ಟಿನಲ್ಲಿ ಗುದ್ದಿದವನ ಕೈ ಮುರಿಯುತ್ತದೆ. ಅಲ್ಲಿ ಗೋಡೆಗೆ ಮುಷ್ಟಿಯಗಲದ ತೂತು ಬೀಳುತ್ತದೆ. ಸಂಕಟದಲ್ಲಿರುವ ಹೆಂಗಸರಿಗೆ ನೆರವಾಗುವ ಅಲ್ಲಿನ ಸಂಸ್ಥೆಗಳು ಅಪಾಯದ ಗುರುತುಗಳಲ್ಲಿ ಗೋಡೆಗೆ ಗುದ್ದುವುದನ್ನೂ ಎಣಿಸುತ್ತವೆ. ಹೆಂಡತಿಯನ್ನು ಮುಟ್ಟಲಿಲ್ಲ, ಗೋಡೆಯನ್ನಷ್ಟೇ ಗುದ್ದಿದ ಎಂಬುದು ಸಮಾಧಾನದ ಮಾತಲ್ಲ, ಮುಂದೆ ಏನಾದೀತೆಂಬ ಬೆದರಿಕೆ ಎಂದು ಅವು ಹೇಳುತ್ತವೆ. ಮುಚ್ಚಿಟ್ಟ ಸಿಟ್ಟು ಆ ಗೋಡೆಯ ಮೇಲೆ ಆಕಾರ ಪಡೆದು ನಿಲ್ಲುತ್ತದೆ. ಸರಿ, ಆದರೆ ನಿಲ್ಲುವುದು ಎಷ್ಟು ದಿನ? ಒಂದು ಶನಿವಾರ ಅಂಗಡಿಯಿಂದ ತುಂಡು ಹಲಗೆ, ಜಾಲರಿ ಪಟ್ಟಿ, ಒಂದು ಡಬ್ಬ ಲೇಪ ತಂದು ಸವರಿ ಬಣ್ಣ ಬಳಿದರೆ ಸಾಕ್ಷಿ ಮಾಯ. ಗೋಡೆ ಎಷ್ಟು ಸುಲಭವಾಗಿ ಹೇಳುತ್ತದೋ ಅಷ್ಟೇ ಸುಲಭವಾಗಿ ಮರೆತೂಬಿಡುತ್ತದೆ. ಗೋಡೆಯನ್ನು ನಂಬಿ ಹೆಣ್ಣು ಬದುಕಲಾಗದು, ಅದು ಇಟ್ಟಿಗೆಯದಾದರೂ ಹಲಗೆಯದಾದರೂ. ನಮ್ಮಲ್ಲಿ 2005ರಲ್ಲಿ ಕೌಟುಂಬಿಕ ದೌರ್ಜನ್ಯದ ವಿರುದ್ಧ ಕಾನೂನು ಬಂತು. ಅದನ್ನು ಬಳಸುವ ಧೈರ್ಯ ಬರಬೇಕಾದರೆ ಹೊರಗೆ ಕೇಳಿಸಿಕೊಳ್ಳುವ ಒಬ್ಬರಾದರೂ ಬೇಕು.

ಆ ರಿಪೇರಿಯ ಸುಲಭತೆಯನ್ನು ಮಾತ್ರ ನಾನು ಮನಸಾರೆ ಮೆಚ್ಚಿದೆ. ಬಾಗಿಲ ಹಿಡಿ ಬಡಿದು ಬಡಿದು ಮಗಳ ಮನೆಯ ಗೋಡೆಯಲ್ಲಿ ಒಂದು ಬಿಲ್ಲೆಯಗಲದ ತೂತಾಗಿತ್ತು. ನಮ್ಮಲ್ಲಾದರೆ ಮೇಸ್ತ್ರಿಗೆ ಹೇಳಿಕಳಿಸಬೇಕು. ಇಷ್ಟು ಸಣ್ಣ ಕೆಲಸಕ್ಕೆ ಅವನು ಬರುವುದಿಲ್ಲ. ಬಂದರೂ ಮನೆಯವರು ಊರಲ್ಲಿಲ್ಲದಿದ್ದರೆ ನಮ್ಮ ಮಾತು ಕೇಳುವುದಿಲ್ಲ. ಮಗಳು ಮಗುವನ್ನು ನನ್ನ ಮಡಿಲಿಗೆ ಹಾಕಿ, ಚಾಕುವಿನಲ್ಲಿ ತೂತನ್ನು ಚೌಕವಾಗಿ ಕೊಯ್ದು, ತುಂಡು ಹಲಗೆ ಕೂರಿಸಿ, ದೋಸೆ ಮಗುಚುವ ಸಟ್ಟುಗದಂಥ ಒಂದು ತಗಡಿನಿಂದ ಲೇಪ ಸವರಿದಳು. ಮಾರನೆಯ ದಿನ ಇನ್ನೊಂದು ಸಲ, ಅದರ ಮಾರನೆಯ ದಿನ ಮತ್ತೊಂದು ಸಲ. ನಾಲ್ಕನೆಯ ದಿನ ತೂತು ಎಲ್ಲಿತ್ತೆಂದು ನನಗೇ ಹುಡುಕಬೇಕಾಯಿತು. ಇಷ್ಟು ವರ್ಷ ಮನೆ ನಡೆಸಿದ ನಮ್ಮಲ್ಲಿ ಎಷ್ಟು ಜನ ನಮ್ಮದೇ ಗೋಡೆಯನ್ನು ನಾವೇ ರಿಪೇರಿ ಮಾಡಿದ್ದೇವೆ?

ಇದರ ಜೊತೆಗೇ ಇನ್ನೊಂದು ಚಿತ್ರ ಕಣ್ಮುಂದೆ ಬರುತ್ತದೆ. ನಮ್ಮ ಊರಿನಲ್ಲಿ ಯಾವ ಮನೆ ಏಳುತ್ತಿದ್ದರೂ ನೋಡಿ: ತಲೆಯ ಮೇಲೆ ಬಾಂಡ್ಲಿ ಹೊತ್ತು ಗಾರೆ ಸಾಗಿಸುವವರು ಹೆಂಗಸರು, ಕರಣೆ ಹಿಡಿದು ಮೆತ್ತುವವರು ಗಂಡಸರು. ಬಾಂಡ್ಲಿಯಿಂದ ಕರಣೆಗೆ ಬಡ್ತಿ ಪಡೆದ ಹೆಂಗಸನ್ನು ಕಾಣುವುದೇ ಅಪರೂಪ. ಕೂಲಿಯೂ ಕಡಿಮೆ. ನಮ್ಮ "ಗಟ್ಟಿ" ಗೋಡೆಯ ಗಟ್ಟಿತನದಲ್ಲಿ ಆ ಕತ್ತುಗಳ ನೋವೂ ಸೇರಿದೆ. ಒಣ ಹಲಗೆಯ ಕೆಲಸಕ್ಕೆ ಬಾಂಡ್ಲಿ ಬೇಡ, ನೀರು ಕುಡಿಸುವುದು ಬೇಡ. ಹಾಗಾದರೆ ಹೊರೆ ಇಳಿಯಿತು ಎನ್ನೋಣವೇ, ಕೂಲಿ ಹೋಯಿತು ಎನ್ನೋಣವೇ? ಹಲಗೆ ಬಿಗಿಯುವ ಯಂತ್ರ ಅವರ ಕೈಗೂ ಬಂದರೆ ಮೊದಲನೆಯದು, ಬಾರದಿದ್ದರೆ ಎರಡನೆಯದು. ಒಣ ಗೋಡೆಯ ಕೆಲಸವೂ ಹೂವಿನ ಹಾಸಿಗೆಯೇನಲ್ಲ. ಸಂದಿನ ಲೇಪವನ್ನು ಉಜ್ಜುವಾಗ ಏಳುವ ಸಣ್ಣ ಧೂಳು ಪುಪ್ಪುಸಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ ಬಹುಕಾಲ ಆ ಲೇಪಕ್ಕೆ ಕಲ್ನಾರು, ಎಂದರೆ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು. 1977ರಲ್ಲಿ ಅದನ್ನು ನಿಷೇಧಿಸಿದರು. ಹಳೆಯ ಮನೆಯ ಗೋಡೆ ಕೊಯ್ಯುವವರು ಇಂದಿಗೂ ಅದನ್ನು ನೆನಪಿನಲ್ಲಿಡಬೇಕು.

ಇದೆಲ್ಲ ದೂರದ ದೇಶದ ಮಾತಾಯಿತು, ನಮಗೇನು ಎನ್ನಬೇಡಿ. ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳ ಒಳಗೋಡೆಗಳು ಬಹುಪಾಲು ಇಂಥವೇ. ಅಂಗಡಿ, ಆಸ್ಪತ್ರೆ, ಬ್ಯೂಟಿ ಪಾರ್ಲರುಗಳಲ್ಲಿ ಕೋಣೆ ಎರಡು ಮಾಡಬೇಕಾದಾಗ ನಿಲ್ಲಿಸುವುದೂ ಇದನ್ನೇ. ಈಚೆಗೆ ಸಣ್ಣ ಊರುಗಳ ಹೊಸ ಮನೆಗಳಲ್ಲೂ ಹಾಲಿನ ಮಾಡಿಗೆ ಫಾಲ್ಸ್ ಸೀಲಿಂಗ್ ಎಂದು ಮಾಡಿಸಿ, ಒಳಗೆ ಬಣ್ಣಬಣ್ಣದ ದೀಪ ಇಡುತ್ತಾರಲ್ಲ, ಅದೂ ಹೆಚ್ಚಾಗಿ ಜಿಪ್ಸಮೇ. ರಾಜಸ್ಥಾನದ ಒಣ ನೆಲದಲ್ಲಿ ಜಿಪ್ಸಮ್ ಧಾರಾಳವಾಗಿದೆ. ಗೋಡೆಗೆ ಅದು ಇಂದಲ್ಲ ನಾಳೆ ಬಂದೇ ಬರುತ್ತದೆ. ಬರುವಾಗ ಅಮೆರಿಕದ ಗುಣಗಳನ್ನಷ್ಟೇ ಜಾಹೀರಾತಿನಲ್ಲಿ ಹಾಕಿಕೊಂಡು ಬರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಮಂಗಳೂರಿನಲ್ಲಿ, ಆರು ತಿಂಗಳು ಬಟ್ಟೆ ಒಣಗದ ಮಲೆನಾಡಿನಲ್ಲಿ ಕಾಗದ ಹೊದ್ದ ಗೋಡೆಯ ಗತಿಯೇನೆಂದು ಜಾಹೀರಾತು ಹೇಳುವುದಿಲ್ಲ. ತೇವ ತಡೆಯುವ ಹಸಿರು ಹೊದಿಕೆಯ ಹಲಗೆಯೂ ಸಿಗುತ್ತದೆ, ನಿಜ. ಅದೂ ನೀರಿನಲ್ಲಿ ನೆನೆಯಬಾರದು. ಮೇಲಿನ ಮನೆಯ ಬಚ್ಚಲು ಸೋರಿದರೆ ಟೊಳ್ಳಿನೊಳಗೆ ಏನು ನಡೆಯುತ್ತಿದೆ ಎಂದು ಹೊರಗಿನ ಬಣ್ಣ ಬಹಳ ದಿನ ತಿಳಿಸುವುದಿಲ್ಲ.

ಹಾಗಾದರೆ ನನ್ನ ತೀರ್ಪೇನು? ಹೊರಗೋಡೆಗೆ, ಬಚ್ಚಲಿಗೆ, ಸಿಂಕಿನ ಹಿಂದಕ್ಕೆ ಈ ಗೋಡೆ ನಮ್ಮ ನೆಲಕ್ಕೆ ಒಗ್ಗದು. ಕರಾವಳಿಯ ಮುರಕಲ್ಲು, ಬಯಲುಸೀಮೆಯ ಮಣ್ಣು, ಇಟ್ಟಿಗೆ ಇವು ಅಲ್ಲಿನ ಮಳೆ ಬಿಸಿಲುಗಳನ್ನು ಕಂಡು ಪಳಗಿದವು. ಆದರೆ ಒಳಗಿನ ಗೋಡೆಯಾಗಿ, ಇಂದು ಬೇಕು ನಾಳೆ ಬೇಡ ಎನ್ನುವ ಅಡ್ಡಗೋಡೆಯಾಗಿ ಅದನ್ನು ರಟ್ಟೆಂದು ಹೀಗಳೆಯುವುದು ನ್ಯಾಯವಲ್ಲ. ಮಗ ಮದುವೆಯಾದಾಗ ಒಂದು ಕೋಣೆ ಎರಡಾಗಬೇಕು. ಅವನು ಬೇರೆ ಊರಿಗೆ ಹೋದಾಗ ಎರಡು ಒಂದಾಗಬೇಕು. ಅತ್ತೆಗೆ ವಯಸ್ಸಾದಾಗ ಬಚ್ಚಲ ಬಳಿಗೆ ಹಾಸಿಗೆ ಬರಬೇಕು. ಮನೆಯೊಳಗಿನ ಬದುಕು ಹೀಗೆ ಬದಲಾಗುತ್ತಲೇ ಇರುತ್ತದೆ. ನಮ್ಮ ಗೋಡೆಗಳು ಮಾತ್ರ ಕಟ್ಟಿಸಿದವರ ಕಾಲದಲ್ಲೇ ನಿಂತುಬಿಟ್ಟಿರುತ್ತವೆ. ಬದಲಾಗಬಲ್ಲ ಗೋಡೆಯ ಅಗತ್ಯ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನಮಗೇ ಇದೆ.

ಮುಂದಿನ ಸಲ ಮನೆಯನ್ನೋ ಫ್ಲ್ಯಾಟನ್ನೋ ನೋಡಲು ಹೋದಾಗ ಬಣ್ಣದ ಪುಸ್ತಕ ತೆರೆಯುವ ಮೊದಲು ಗೋಡೆಯನ್ನು ತಟ್ಟಿ. ಟೊಳ್ಳೋ ಗಟ್ಟಿಯೋ ಎಂದು ತಿಳಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ನೀರಿನ ಕೊಳವೆ ಎಲ್ಲಿ ಹಾದುಹೋಗಿದೆ, ಸೋರಿದರೆ ಹೇಗೆ ಗೊತ್ತಾಗುತ್ತದೆ, ಪಾತ್ರೆಯ ಸ್ಟ್ಯಾಂಡಿನ ಭಾರವನ್ನು ಯಾವ ಭಾಗ ಹೊರುತ್ತದೆ, ಕೆಟ್ಟರೆ ಯಾರು ಸರಿಮಾಡುತ್ತಾರೆ, ಕೂಗಿದರೆ ಯಾರಿಗೆ ಕೇಳುತ್ತದೆ ಎಂದು ಕೇಳಿ. ಇಂಜಿನಿಯರು ನಗಬಹುದು, ಯಜಮಾನರು ಮುಜುಗರಪಡಬಹುದು. ಪರವಾಗಿಲ್ಲ. ಅವರು ಬೆಳಿಗ್ಗೆ ಕೆಲಸಕ್ಕೆ ಹೋಗಿಬಿಡುತ್ತಾರೆ. ಆ ಗೋಡೆಗಳ ನಡುವೆ ಉಳಿಯುವವರು ನಾವು.